ರಾಹುಕಾಲದಲ್ಲಿ ಬಂದ ಕಳ್ಳಿ

ಜಯನಗರದ ಒಂದು ಸಹಕಾರ ಸಂಘದ ಕಂಪ್ಯೂಟರ್ ನೆಟ್‌ವರ್ಕಿಗೆ ಕಾವಲಿನ ವ್ಯವಸ್ಥೆ ಮಾಡಿಕೊಡುವ ಕೆಲಸ ನನ್ನ ಪಾಲಿಗೆ ಬಂದಿತ್ತು. ಇಡೀ ದಿನ ಕಣ್ಣಿಟ್ಟು ಕೂರಲು ಅವರಲ್ಲಿ ಜನ ಇರಲಿಲ್ಲ. ದಿನಕ್ಕೆ ಒಂದೇ ತಪಾಸಣೆ. ಹಾಗಾಗಿ ಮ್ಯಾನೇಜರ್ ಮೂರ್ತಿಯವರಿಗೆ ಗೇಮ್ ಥಿಯರಿ, ಅಂದರೆ ಎದುರಾಳಿಯ ಲೆಕ್ಕಾಚಾರ ನೋಡಿ ನಮ್ಮ ನಡೆ ಇಡುವ ಶಾಸ್ತ್ರ, ಹೇಳಲು ಹೊರಟೆ.

“ಸಾರ್, ನಾವು ಯಾವಾಗ ನೋಡ್ತೀವಿ ಅಂತ ಕಳ್ಳ ಲೆಕ್ಕ ಹಾಕ್ತಾನೆ. ನಮಗೇ ಮೊದಲು ಗೊತ್ತಿಲ್ಲದಿದ್ರೆ ಅವನೇನು ಲೆಕ್ಕ ಹಾಕ್ತಾನೆ? ದಿನಾ ಬೆಳಿಗ್ಗೆ ಚೀಟಿ ಎತ್ತಿ, ಅದರಲ್ಲಿ ಬಂದ ಟೈಮಿಗೆ ತಪಾಸಣೆ ಮಾಡಿ.”

ಮೂರ್ತಿಯವರಿಗೆ ಖುಷಿಯೋ ಖುಷಿ. ಮಾರನೇ ದಿನವೇ ಚೀಟಿಗೆಂದು ಮನೆಯಿಂದ ಸ್ಟೀಲ್ ಡಬ್ಬಿ ತಂದರು.

ತಿಂಗಳಾದ ಮೇಲೆ, ಕಾವಲು ಎಷ್ಟು ಗಟ್ಟಿ ಅಂತ ಪರೀಕ್ಷಿಸಲು, ಅವರ ಒಪ್ಪಿಗೆ ಪಡೆದೇ, ನನ್ನ ಸಹೋದ್ಯೋಗಿ ಆಶಾಳಿಗೆ ಕಳ್ಳಿಯ ಪಾತ್ರ ಕೊಟ್ಟೆ. ಅವಳು ಎರಡು ವಾರ ನಮ್ಮ ತಪಾಸಣೆಯ ಸಮಯಗಳನ್ನು ಸುಮ್ಮನೆ ಗಮನಿಸಿ, ಶುಕ್ರವಾರ ಬೆಳಿಗ್ಗೆ ಹನ್ನೊಂದಕ್ಕೆ ಆರಾಮಾಗಿ ನೆಟ್‌ವರ್ಕಿನೊಳಗೆ ನುಗ್ಗಿದಳು.

“ಹೇಗೆ?” ಅಂದೆ. ಗೋಡೆಯ ಕ್ಯಾಲೆಂಡರ್ ತೋರಿಸಿದಳು. “ಇವರು ರಾಹುಕಾಲದಲ್ಲಿ ಒಂದು ದಿನವೂ ತಪಾಸಣೆ ಮಾಡಿಲ್ಲ ಕಣೋ.”

ಮೂರ್ತಿಯವರು ಅಳುಕಲಿಲ್ಲ. “ರಾಹುಕಾಲದ ಚೀಟಿ ಬಂದ್ರೆ ವಾಪಸ್ ಹಾಕಿ ಇನ್ನೊಂದು ಎತ್ತುತ್ತಿದ್ದೆ, ಅಷ್ಟೇ.”

“ಸಾರ್, ಅದೇ ಹೊತ್ತಲ್ಲಿ ಕಳ್ಳತನ ಆಯ್ತಲ್ಲ!”

“ಮತ್ತೆ? ಆ ಹೊತ್ತು ಒಳ್ಳೇದಲ್ಲ ಅಂತ ಹಿರಿಯರು ಸುಮ್ನೆ ಹೇಳಿದ್ರಾ?”

ನಾನು ಸ್ಟೀಲ್ ಡಬ್ಬಿಯನ್ನು ಅವರ ಮನೆಗೆ ವಾಪಸ್ ಕಳಿಸಿದೆ.

ಈಗ ಚೀಟಿ ಎತ್ತುವುದು ಕಂಪ್ಯೂಟರೇ. ಅದನ್ನು ಚಾಲೂ ಮಾಡುವ ದಿನ ಮಾತ್ರ ರಾಹುಕಾಲ ಕಳೆಯುವವರೆಗೆ ಮೂರ್ತಿಯವರು ನನ್ನನ್ನು ಕಾಯಿಸಿದರು. ನಾನೂ ತೆಪ್ಪಗೆ ಕಾದೆ. ಒಂದು ಸಲ ಕಳ್ಳತನ ಆಗಿದೆಯಲ್ಲ, ಮತ್ತೆ ರಿಸ್ಕ್ ಯಾಕೆ?