ಅತ್ತೆಯ ಹೊಟ್ಟೆಗೆ ನೀಲಿ ಬಣ್ಣ

"ಯಪ್ಪಾ, ಈ ಬಣ್ಣ ಹೋಗತೈತೋ ಇಲ್ಲೋ? ಹೊಟ್ಟಿ ಜನ್ಮಪೂರ್ತಿ ನೀಲಿನೇ ಇರತೈತೇನು?"

ಪರೀಕ್ಷೆಯ ಮಂಚದ ಮೇಲೆ ಮಲಗಿದ್ದ ನಮ್ಮತ್ತೆ ಹೀಗೆ ಕೇಳಿದ್ದೇ ತಡ, ನೀಲಿ ನೀರು ತುಂಬಿದ ಸಿರಿಂಜು ಹಿಡಿದಿದ್ದ ಡಾಕ್ಟರು ನಕ್ಕುಬಿಟ್ಟರು. ನನಗೆ ಮಾತ್ರ ನಗು ಬರಲಿಲ್ಲ. ಮಲದಲ್ಲಿ ರಕ್ತ ಕಂಡಿದ್ದರಿಂದ, ಕರುಳಿನ ಕ್ಯಾನ್ಸರ್ ಇರಬಹುದೇ ಎಂದು ಕರುಳಿನೊಳಗೆ ಕ್ಯಾಮೆರಾ ಹಾಕಿ ನೋಡಿಸಲು ಅವರನ್ನು ಊರು ಗುಡೇಕೋಟೆಯಿಂದ ದೊಡ್ಡಾಸ್ಪತ್ರೆಗೆ ಕರೆತಂದಿದ್ದೆ.

"ಎರಡು ದಿನಕ್ಕ ಹೋಗತೈತಿ ಅಜ್ಜಿ. ಮೊದ್ಲು ಇದನ್ನ ನೀಲಿಗಿಡದಿಂದ ತೆಗೀತಿದ್ರು, ಈಗ ಕಾರ್ಖಾನ್ಯಾಗ ಮಾಡ್ತಾರ. ಒಳಗ ಚಿಮುಕಿಸಿದ್ರ ಸಣ್ಣ ಗಂಟೂ ಎದ್ದು ಕಾಣತೈತಿ" ಎಂದರು ಡಾಕ್ಟರು.

ಹರೆಯದಲ್ಲಿ ಕಂಬಳಿಯ ಉಣ್ಣೆಗೆ ಅದೇ ಗಿಡದ ಬಣ್ಣ ಹಾಕುತ್ತಿದ್ದ ಅತ್ತೆಗೆ ತಟ್ಟನೆ ಅರ್ಥವಾಯಿತು. "ಹೌದ್ರಿ, ನೂಲಿನ ಗಂಟು ಬಣ್ಣಕ್ಕ ಹಾಕಿದ ಮ್ಯಾಲೇ ತೋರೋದು. ಹಾಕ್ರಿ, ಒಂದು ಮೂಲಿನೂ ಬಿಡಬ್ಯಾಡ್ರಿ!"

ಟಿವಿಯ ಪರದೆಯಲ್ಲಿ ನೀಲಿಯ ನಡುವೆ ಕಡಲೆಕಾಳಿನಷ್ಟು ಗಂಟು ಎದ್ದು ಕಂಡಿತು. ಅಲ್ಲೇ ಕತ್ತರಿಸಿ ತೆಗೆದರು. ಅದಿನ್ನೂ ಕ್ಯಾನ್ಸರ್ ಆಗಿರಲಿಲ್ಲ ಎಂದು ವಾರದ ನಂತರ ವರದಿ ಬಂತು.

ತಮ್ಮ ಮಲ ಪರೀಕ್ಷೆಗೆಂದು ಕೂಡ್ಲಿಗಿ ಆಸ್ಪತ್ರೆಯವರು ಕೊಟ್ಟಿದ್ದ ಡಬ್ಬಿಯನ್ನು ನಾಚಿಕೆಯಿಂದ ತಿಂಗಳುಗಟ್ಟಲೆ ಬಚ್ಚಿಟ್ಟಿದ್ದ ನಮ್ಮ ಮಾವ, ಮರುದಿನ ಬೆಳಿಗ್ಗೆ ಅದನ್ನು ಟವೆಲ್ಲಿನಲ್ಲಿ ಸುತ್ತಿಕೊಂಡು, ಯಾರಿಗೂ ಹೇಳದೆ ಕೂಡ್ಲಿಗಿಯ ಬಸ್ಸು ಹತ್ತಿದರು.