ಬಿರುಕಿನ ಮೇಲೆ ಬಣ್ಣ

ಕೊರೋನಾ ಮುಗಿದು ಶಾಲೆಗಳು ಮತ್ತೆ ತೆರೆದ ವರ್ಷ ನಾನು ಗೌರಿಬಿದನೂರು ತಾಲ್ಲೂಕಿನಲ್ಲಿ ಪಂಚಾಯತಿ ಕಟ್ಟಡಗಳನ್ನು ನೋಡಿಕೊಳ್ಳುವ ಜೂನಿಯರ್ ಇಂಜಿನಿಯರ್ ಆಗಿದ್ದೆ. ನಿವೃತ್ತಿ ಹತ್ತಿರವಿತ್ತು.

ಮಂಚೇನಹಳ್ಳಿ ಕಡೆಯ ಹಳ್ಳಿಯೊಂದರ ಸರ್ಕಾರಿ ಶಾಲೆಯಿಂದ ಕರೆ ಬಂತು. ಹೆಡ್‌ಮಾಸ್ಟರ್ ನಾರಾಯಣಸ್ವಾಮಿ ನನ್ನ ಹೈಸ್ಕೂಲ್ ಗೆಳೆಯ, ಒಂದೇ ಬೆಂಚಿನಲ್ಲಿ ಕೂತು ಓದಿದವನು. ಮೂರನೇ ತರಗತಿಯ ಕೊಠಡಿಯಲ್ಲಿ ಆರ್‌ಸಿಸಿ ಛಾವಣಿಯ ಗಾರೆ ಉದುರಿ, ತುಕ್ಕು ಹಿಡಿದ ಕಂಬಿ ಹೊರಗೆ ಕಾಣುತ್ತಿತ್ತು. ಗೋಡೆ ಉದ್ದಕ್ಕೂ ಬಿರುಕು ಬಿಟ್ಟಿತ್ತು. ಇಂಥ ಕಡೆ ನಾವು ಬಿರುಕಿಗೆ ಅಡ್ಡಲಾಗಿ ಗಾಜಿನ ಸಣ್ಣ ಪಟ್ಟಿಯೊಂದನ್ನು ಸಿಮೆಂಟಿನಲ್ಲಿ ಕೂರಿಸುತ್ತೇವೆ. ಗೋಡೆ ಇನ್ನೂ ಸರಿಯುತ್ತಿದ್ದರೆ ಗಾಜು ಒಡೆಯುತ್ತದೆ. ಇಲ್ಲಿಯೂ ಒಂದನ್ನು ಕೂರಿಸಿದೆ.

“ಸ್ವಾಮಿ, ಗಾಜು ಒಡೀಲಿ ಬಿಡ್ಲಿ, ಈ ರೂಮಿಗೆ ಮಕ್ಕಳನ್ನ ಬಿಡಬೇಡ. ಒಡೆದ್ರೆ ಅವತ್ತೇ ಫೋನ್ ಮಾಡು” ಎಂದೆ.

“ಮಕ್ಕಳ ವಿಷ್ಯ ಕಣೋ, ನಂಗೆ ಹೇಳ್ಬೇಕಾ?” ಎಂದು ನನ್ನೆದುರೇ ಬೀಗ ಹಾಕಿದ. ಕೊಠಡಿ ಕೆಡವಬೇಕೆಂದು ಮೇಲಧಿಕಾರಿಗಳಿಗೆ ಬರೆದು ನಾನು ನೆಮ್ಮದಿಯಾಗಿದ್ದೆ.

ಆಮೇಲೆ ಅವನ ಫೋನ್ ಬಂದದ್ದು ಶಾಲೆಯ ಸಮಾರಂಭಕ್ಕೆ ಕರೆಯಲು. ಹಳೇ ವಿದ್ಯಾರ್ಥಿಗಳು ಶಾಲೆಗೆ ರೈಲು ಬೋಗಿಯ ಹಾಗೆ ಬಣ್ಣ ಹೊಡೆಸಿದ್ದರು. ಆಗ ಎಲ್ಲ ಕಡೆ ಅದೇ ಶೋಕಿ. ನೀಲಿ ಬೋಗಿ, ಬಿಳಿ ಕಿಟಕಿ, ನೋಡಲು ಚೆಂದವೇ ಇತ್ತು. ಹಾರ ಹಾಕಿಸಿಕೊಳ್ಳಲು ಹೋದವನು ನೋಡುತ್ತೇನೆ, ಅದೇ ಕೊಠಡಿಯ ತುಂಬ ಮಕ್ಕಳು!

ಬಾಗಿಲಲ್ಲಿ ರತ್ನಮ್ಮ ಎಂಬ ತಾಯಿ ಕೈಮುಗಿದಳು. “ನೀವು ಗಾಜು ಮೆತ್ತಿದ್ದು ರೂಮು ಗಟ್ಟಿ ಐತೆ ಅನ್ನೋ ಗುರ್ತು ಅಂತ ಮೇಷ್ಟ್ರು ಹೇಳಿದ್ರು ಸಾರ್. ಅದ್ಕೇ ಧೈರ್ಯವಾಗಿ ಮಗೀನ ಕಳಿಸ್ತಿದೀನಿ.”

ನೇರ ಗಾಜು ಕೂರಿಸಿದ್ದ ಗೋಡೆಯ ಹತ್ತಿರ ಹೋದೆ. ಬೈಕಿನ ಕೀಲಿಯಿಂದ ಹೊಸ ಬಣ್ಣವನ್ನೂ ಅದರಡಿಯ ತೆಳು ಸಿಮೆಂಟನ್ನೂ ಕೆರೆದೆ. ಗಾಜು ಒಳಗೇ ಇತ್ತು, ಎರಡು ತುಂಡಾಗಿ. ಬಿರುಕಿನ ಜೊತೆ ಅದರ ಮೇಲೂ ಸಿಮೆಂಟ್ ಬಳಿಸಿದ್ದ ಗೆಳೆಯ.

“ಒಡೆದಿದ್ದು ನೋಡಿದ್ಯೇನೋ?” ಎಂದೆ ನಾರಾಯಣಸ್ವಾಮಿಗೆ.

“ನೋಡ್ದೆ ಕಣಪ್ಪ. ರೂಮಿಗೆ ಬೀಗ ಬಿತ್ತು ಅಂದ್ರೆ ಮಕ್ಕಳೆಲ್ಲ ಕಾನ್ವೆಂಟ್ ವ್ಯಾನ್ ಹತ್ತಿಬಿಡ್ತವೆ, ಸ್ಕೂಲೇ ಮುಚ್ಚೋಗುತ್ತೆ. ನಿನ್ನ ಹೆಸರು ಹೇಳಿದ್ರೆ ಜನ ನಂಬ್ತಾರೆ ಅಂತ…”

ಶಾಲೆ ಉಳಿಯಬೇಕೆಂಬ ಅವನ ಆಸೆ ಸುಳ್ಳಲ್ಲ. ಆದರೆ ಅದಕ್ಕೆ ಅವನು ಒತ್ತೆ ಇಟ್ಟದ್ದು ಊರಿನ ಮಕ್ಕಳನ್ನು, ನನ್ನ ಹೆಸರಿನಲ್ಲಿ. ನಡೆಯುತ್ತಿದ್ದ ಭಾಷಣ ನಿಲ್ಲಿಸಿ ಮಕ್ಕಳನ್ನೆಲ್ಲ ಹೊಂಗೆ ಮರದ ಕೆಳಗೆ ಕರೆತಂದೆ. ಗಾಜಿನ ನಿಜವಾದ ಅರ್ಥವನ್ನು ತಾಯಂದಿರಿಗೆ ಹೇಳಿದೆ. ರತ್ನಮ್ಮ ಮಗಳ ಕೈ ಹಿಡಿದು ನನ್ನ ಮುಖವನ್ನೂ ನೋಡದೆ ಹೊರಟುಹೋದಳು. ಅದು ಇವತ್ತಿಗೂ ನೋಯುತ್ತದೆ.

ಆ ಮಳೆಗಾಲದಲ್ಲಿ ಛಾವಣಿ ಖಾಲಿ ಬೆಂಚುಗಳ ಮೇಲೆ ಕುಸಿಯಿತು. ಅಪಾಯದ ಮಾತನ್ನು ಅಧಿಕಾರದಲ್ಲಿರುವ ಒಬ್ಬನ ಕಿವಿಗೆ ಹಾಕಿ ಬಂದರೆ ಕೆಲಸ ಮುಗಿಯದು, ಅಪಾಯ ಯಾರ ಮಕ್ಕಳಿಗೋ ಅವರೆದುರೇ ಹೇಳಬೇಕು ಎಂದು ಅಲ್ಲಿ ಕಲಿತೆ. ಉಳಿದ ಸರ್ವೀಸಿನಲ್ಲಿ ಹಾಗೆಯೇ ಮಾಡಿದೆ.

ಕಳೆದ ವರ್ಷ ನಾರಾಯಣಸ್ವಾಮಿ ಮನೆಗೆ ಬಂದು, “ನಿಂಗೆ ಮೋಸ ಮಾಡ್ಬಿಟ್ಟೆ, ಕ್ಷಮಿಸ್ಬಿಡೋ” ಎಂದ.

“ರತ್ನಮ್ಮನ ಮನೆಗೆ ಹೋಗಿ ಕೇಳು, ಆಮೇಲೆ ಇಲ್ಲಿಗೆ ಬಾ” ಎಂದೆ.

ಅವನು ಇನ್ನೂ ಬಂದಿಲ್ಲ.