ಪಂಕ್ಚರ್ ಕಾಕಾನ ಕೆನ್ನೆ

ಮೋಟೆಬೆನ್ನೂರಿನ ಹೈವೇ ಬದಿಗಿದ್ದ ಪಂಕ್ಚರ್ ಕಾಕಾ ಟ್ಯೂಬನ್ನು ನೀರಿಗೆ ಅದ್ದುವ ಮೊದಲು ಕೆನ್ನೆಯ ಹತ್ತಿರ ಹಿಡಿದು ಕಣ್ಣು ಮುಚ್ಚುತ್ತಿದ್ದರು. "ತಡಿಯೋ ತಮ್ಮಾ, ಗಾಳಿ ಎಲ್ಲಿಂದ ಹೊಂಟೈತಿ ನೋಡೂಣು." ಯಾರ ಗಾಡಿ ಬಂದರೂ ಇದೇ ಮಾತು.

ನಮ್ಮಜ್ಜನ ಕಾಲದ ಏರ್‌ಗನ್ನನ್ನೂ ನಾನು ಅವರ ಹತ್ತಿರವೇ ಒಯ್ದೆ. ಬ್ಯಾಡಗಿಯ ನಮ್ಮ ಮಾಳಿಗೆಯ ಮೇಲೆ ಒಣಹಾಕಿದ ಶೇಂಗಾಕ್ಕೆ ಮಂಗಗಳ ಕಾಟ. "ಒಂದ ಸಪ್ಪಳಕ್ಕ ಊರು ಬಿಡಸ್ತೇನಿ ನೋಡ್ರಿ" ಎಂದು ಓಣಿಗೆಲ್ಲ ಸಾರಿಬಿಟ್ಟಿದ್ದೆ. ಆದರೆ ಬಂದೂಕಿನ ಕುದುರೆಗೆ ಬೆರಳಿಟ್ಟು ಎಳೆದರೆ ಬರೀ 'ಪುಸ್' ಅನ್ನುತ್ತಿತ್ತು.

ಕಾಕಾ ಅದಕ್ಕೂ ಕೆನ್ನೆ ಹಿಡಿದರು. ನಳಿಗೆ ಕೂಡುವಲ್ಲಿದ್ದ ರಬ್ಬರ್ ರಿಂಗು ಒಣಗಿ ಪುಡಿಯಾಗಿತ್ತು. ಹಳೇ ಟ್ಯೂಬಿನಿಂದ ಒಂದು ರಿಂಗು ಕತ್ತರಿಸಿದರು, ದಪ್ಪವಾಯಿತು. ಬೈದುಕೊಳ್ಳುತ್ತ ಇನ್ನೊಂದನ್ನು ಕೂಡಿಸಿದರು. ಅಷ್ಟೂ ಹೊತ್ತು ನಾನು ಎದುರಿಗೆ ಕೂತು, ಎಂದೂ ಆಡದ ಬೇಟೆಗಳ ಕತೆ ಹೇಳುತ್ತಿದ್ದೆ.

ಮರುದಿನ ಓಣಿಯ ಮಂದಿ ನೋಡುತ್ತಿರುವಾಗ ಮಾಳಿಗೆ ಹತ್ತಿ, ಗುಂಡು ಹಾಕದೆ ಆಕಾಶಕ್ಕೆ ಗುರಿಯಿಟ್ಟು ಕುದುರೆ ಎಳೆದೆ. 'ಠಪ್' ಎಂದಿತು. ಬಂದೂಕು ಎಲ್ಲಿ ಬಿತ್ತೋ ಗೊತ್ತಿಲ್ಲ, ನಾನಂತೂ ಒಂದೇ ಓಟಕ್ಕೆ ಮೆಟ್ಟಿಲ ಕೆಳಗಿದ್ದೆ. ಮೇಲೆ ಮಂಗ ಬಂದೂಕಿನ ಪಕ್ಕ ಕೂತು ಶೇಂಗಾ ಸುಲಿಯುತ್ತಿತ್ತಂತೆ.

ಸುದ್ದಿ ನನಗಿಂತ ಮೊದಲೇ ಮೋಟೆಬೆನ್ನೂರು ಮುಟ್ಟಿತ್ತು.

"ರಿಂಗು ಸರಿ ಕುಂತಿಲ್ಲೇನೋ?" ಎಂದರು ಕಾಕಾ.

"ಗಟ್ಟಿ ಕುಂತೈತ್ರಿ ಕಾಕಾ. ಒಂಚೂರೂ ಗಾಳಿ ಬಿಡೂದಿಲ್ಲ."

ಅವರು ಕೈಯಲ್ಲಿದ್ದ ಟ್ಯೂಬನ್ನು ಕೆಳಗಿಟ್ಟು ಎದ್ದರು. ನನ್ನ ಬಾಯಿಯ ಹತ್ತಿರ ಕೆನ್ನೆ ತಂದು, ನಿಧಾನಕ್ಕೆ ಕಣ್ಣು ಮುಚ್ಚಿದರು.

"ತಡಿಯೋ ತಮ್ಮಾ..."